‘ಬಳ್ಳಾರಿ’ಯ ಒತ್ತು ಯಾರ ಕೆಲಸ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಉದ್ಯೋಗ ಪುಟದಲ್ಲಿ ಬಂದ ಬರಹ ಓದಿದೆ. ಸಾಫ್ಟ್‌ವೇರ್, ವೆಬ್‌ಸೈಟ್ ಡಿಸೈನ್ ಕಡೆ ಹೋಗುವ ಹುಡುಗರು ಯಾವುದಾದರೂ ಒಂದನ್ನೇ ಗಟ್ಟಿಯಾಗಿ ಹಿಡಿಯಬೇಕು, ಎಲ್ಲದರಲ್ಲೂ ಕೈ ಹಾಕುವವರಿಗೆ ಇನ್ನು ಜಾಗವಿಲ್ಲ ಅಂತ ಅದರಲ್ಲಿತ್ತು. ಬೆಳಿಗ್ಗೆ ಏಳಕ್ಕೆ ಓದಿದ್ದು, ಹತ್ತಕ್ಕೆ ಆಫೀಸಿನ ಶಟರ್ ಎತ್ತುವ ಹೊತ್ತಿಗೂ ತಲೆಯಿಂದ ಹೋಗಿರಲಿಲ್ಲ. ಯಾಕೆಂದರೆ ಆ ‘ಎಲ್ಲದರಲ್ಲೂ ಕೈ ಹಾಕುವವಳು’ ನಾನೇ.

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಮೂರು ಕಂಪ್ಯೂಟರ್, ಒಂದು ಯುಪಿಎಸ್, ಏಪ್ರಿಲ್ ಬಂದರೆ ಸೋತು ಸುಮ್ಮನಾಗುವ ಒಂದು ಕೂಲರ್. ಬೋರ್ಡಿನ ಮೇಲೆ ‘ವೆಬ್ ಡಿಸೈನ್’ ಅಂತ ಬರೆಸಿದ್ದೇನೆ. ಅದು ಅರ್ಧ ಸತ್ಯ. ನಿನ್ನೆ ಒಂದು ದಿನದ ಲೆಕ್ಕ ಹೇಳುತ್ತೇನೆ, ನೋಡಿ. ಬೆಳಿಗ್ಗೆ ಪಾತ್ರೆ ಅಂಗಡಿಯವರ ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಅದರ ಅವಧಿ ಮುಗಿದಿತ್ತು, ರಿನ್ಯೂ ಮಾಡಿದೆ. ಆಮೇಲೆ ಜೀನ್ಸ್ ಯುನಿಟ್ ಒಂದಕ್ಕೆ ಹೋಗಿ 40 ಪ್ಯಾಂಟಿನ ಫೋಟೋ ತೆಗೆದೆ. ನೀಲಿ ಬಣ್ಣ ಬಟ್ಟೆಯಲ್ಲಿ ಒಂದು, ಫೋನಿನಲ್ಲಿ ಇನ್ನೊಂದು. ಅದನ್ನು ಹೊಂದಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಒಂದು ನರ್ಸಿಂಗ್ ಹೋಂ ಗೂಗಲ್ ಮ್ಯಾಪಿನಲ್ಲಿ ಎದುರುಗಡೆಯ ಕಲ್ಯಾಣ ಮಂಟಪದ ಮೇಲೆ ಹೋಗಿ ಕೂತಿತ್ತು, ಅದನ್ನು ಸ್ವಂತ ಜಾಗಕ್ಕೆ ತಂದೆ. ಸಂಜೆ ಒಬ್ಬ ಸಾಹುಕಾರರಿಗೆ ಮೇಲ್ ಪಾಸ್‌ವರ್ಡ್ ಮೂರನೇ ಸಲ ಹೇಳಿಕೊಟ್ಟೆ. ಇದೆಲ್ಲದರ ನಡುವೆ ಸಿಕ್ಕ ಒಂದೂವರೆ ಗಂಟೆಯಲ್ಲಿ ಡಿಸೈನ್ ಮಾಡಿದೆ.

ಇದು ನನ್ನ ಹಟದಿಂದ ಆದದ್ದಲ್ಲ. ಇಲ್ಲಿನ ಗಿರಾಕಿ ಒಂದು ವೆಬ್‌ಸೈಟಿಗೆ ಕೊಡುವುದು 12,000 ರೂಪಾಯಿ. ಅದನ್ನೂ ‘ನಮ್ಮ ತಂಗಿ ಮಗ ಫ್ರೀಯಾಗಿ ಮಾಡ್ತೀನಿ ಅಂದಿದ್ದ’ ಅಂತ ಒಮ್ಮೆ ಹೇಳಿಯೇ ಕೊಡುತ್ತಾರೆ. ಅಷ್ಟು ದುಡ್ಡಿಗೆ ಚಿತ್ರ ಬರೆಯುವವರು ಒಬ್ಬರು, ಕೋಡ್ ಬರೆಯುವವರು ಒಬ್ಬರು, ಅಕ್ಷರ ನೋಡುವವರು ಒಬ್ಬರು ಅಂತ ಇಟ್ಟರೆ ಮೂವರೂ ಮಿರ್ಚಿ ತಿಂದು ಮನೆಗೆ ಹೋಗಬೇಕಾಗುತ್ತದೆ.

ನಾನು ಈ ಕೆಲಸಕ್ಕೆ ಬಂದದ್ದು ಲಗ್ನಪತ್ರಿಕೆಯ ದಾರಿಯಿಂದ. 2002ರಲ್ಲಿ ಪಿಯುಸಿ ಮುಗಿಸಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಟೈಪಿಂಗಿಗೆ ಸೇರಿದೆ. ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪ್ ಮಾಡಲು ನುಡಿ, ಮೂಲೆಯಲ್ಲಿ ಒಂದು ಗಣಪತಿ. 2006ರಲ್ಲಿ ಮೊದಲ ವೆಬ್‌ಸೈಟ್ ಮಾಡಿದೆ. ಆಗ ನೋಡುವವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರುತ್ತದೆ ಅನ್ನುವ ಭರವಸೆ ಇರಲಿಲ್ಲ. ಕನ್ನಡದ ಸಾಲುಗಳನ್ನೆಲ್ಲ ಚಿತ್ರ ಮಾಡಿ ಅಂಟಿಸುತ್ತಿದ್ದೆವು. ಒಂದು ಅಕ್ಷರ ತಪ್ಪಿದರೆ ಇಡೀ ಚಿತ್ರ ಮತ್ತೆ ಮಾಡಬೇಕು. ಆಗ ಈ ಕೆಲಸಕ್ಕಿದ್ದದ್ದು ಒಂದೇ ಹೆಸರು: ವೆಬ್‌ಮಾಸ್ಟರ್. ನಮ್ಮ ಕಡೆ ಕಟಿಂಗ್ ಮಾಸ್ಟರ್ ಇದ್ದ ಹಾಗೆ ಅಂತ ನಾನು ತಿಳಿದುಕೊಂಡಿದ್ದೆ.

ಆಮೇಲೆ ಆ ಒಂದು ಕುರ್ಚಿ ಹತ್ತಾಯಿತು. 2007ರಲ್ಲಿ ಐಫೋನ್ ಬಂತು. 2010ರಲ್ಲಿ ಈಥನ್ ಮಾರ್ಕಾಟ್ ಅನ್ನುವವರು, ಒಂದೇ ಪುಟ ದೊಡ್ಡ ಪರದೆಗೂ ಸಣ್ಣ ಪರದೆಗೂ ತಾನೇ ಹೊಂದಿಕೊಳ್ಳಬೇಕು ಅಂತ ಬರೆದರು, ಅದಕ್ಕೆ ರೆಸ್ಪಾನ್ಸಿವ್ ಅಂತ ಹೆಸರಿಟ್ಟರು. ನಾವು ಮಾಡಿಟ್ಟ ಸೈಟುಗಳೆಲ್ಲ ಒಂದೇ ಏಟಿಗೆ ಹಳೆಯವಾದವು. 2013ರಲ್ಲಿ ಫೇಸ್‌ಬುಕ್‌ನವರು ಸೈಟಿನ ಪುಟ ಕಟ್ಟುವ ರಿಯಾಕ್ಟ್ ಅನ್ನುವ ಕೋಡಿನ ಸಲಕರಣೆ ಹೊರಗೆ ತಂದರು, ಅದನ್ನು ಕಲಿಯುವುದೇ ಒಂದು ನೌಕರಿ ಆಯಿತು. 2016ರಲ್ಲಿ ಪರದೆಯ ಚಿತ್ರ ಬರೆಯುವ ಫಿಗ್ಮಾ ಎಲ್ಲರ ಕೈಗೆ ಬಂತು. ಯುಐ (ಪರದೆಯ ರೂಪ), ಯುಎಕ್ಸ್ (ಬಳಸುವವರ ಅನುಕೂಲ), ಫ್ರಂಟೆಂಡ್ (ಕಣ್ಣಿಗೆ ಕಾಣುವ ಭಾಗದ ಕೋಡ್), ಬ್ಯಾಕೆಂಡ್ (ಹಿಂದೆ ನಡೆಯುವ ಭಾಗದ ಕೋಡ್), ಟೆಸ್ಟಿಂಗ್, ಎಸ್‌ಇಒ (ಗೂಗಲ್‌ನಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವುದು), ಕಂಟೆಂಟ್. ಒಬ್ಬೊಬ್ಬರಿಗೆ ಒಂದೊಂದು ಮೇಜು. ಕೆಲಸ ದೊಡ್ಡದಾದಾಗ ಹೀಗೆ ಹಂಚಿಕೊಳ್ಳದೆ ವಿಧಿಯಿಲ್ಲ, ಒಪ್ಪುತ್ತೇನೆ. ರೈಲು ಟಿಕೆಟ್ ಬುಕ್ ಮಾಡುವ ಸೈಟನ್ನು ನನ್ನಂಥವಳ ಕೈಗೆ ಕೊಟ್ಟರೆ ಹಂಪಿ ಎಕ್ಸ್‌ಪ್ರೆಸ್ ಅಲ್ಲ, ಸ್ಟೇಷನ್ ಮುಂದಿನ ಆಟೋ ಕೂಡ ಹೊರಡಲಿಕ್ಕಿಲ್ಲ.

ಹಾಗಾದರೆ ನನ್ನ ತಕರಾರು ಏನು? ಅದಕ್ಕೆ ಒಂದು ಕತೆ ಹೇಳಬೇಕು.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿಗೆ ನಮ್ಮ ಭಾಗದ ರೈತರು ಹೆಸರು ನೋಂದಾಯಿಸುವ ಒಂದು ಸೈಟ್ ಮಾಡುವ ಕೆಲಸ ಸಿಕ್ಕಿತು. ಕಂಪನಿ ಯಾವುದು, ಮಾಡಿಸಿದವರು ಯಾರು ಅನ್ನುವುದು ಇಲ್ಲಿ ಬೇಡ. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡಲು ನನ್ನನ್ನು ಕೇಳಿದರು. ಒಂದು ಎಕ್ಸೆಲ್ ಶೀಟ್ ಬಂತು, ಸುಮಾರು 400 ಸಾಲು. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ. ಮೊದಲ ಪುಟದಲ್ಲೇ ತಡವರಿಸಿದೆ. ‘ಬುಕ್’ ಅಂತ ಇದೆ. ಪುಸ್ತಕವೋ, ಕಾಯ್ದಿರಿಸುವುದೋ? ‘ಕ್ಲಿಯರ್’ ಅಂತ ಇದೆ. ಅಳಿಸು ಅಂತಲೋ, ಸ್ಪಷ್ಟ ಅಂತಲೋ? ‘ಹೋಮ್’ ಅಂದರೆ ರೈತನ ಮನೆಯೋ, ಸೈಟಿನ ಮುಖಪುಟವೋ? ಪರದೆ ಹೇಗೆ ಕಾಣುತ್ತದೆ ಅಂತ ಒಮ್ಮೆ ತೋರಿಸಿ ಅಂತ ಕೇಳಿದೆ. ಕೆಲಸ ಹಂಚುವ ಹುಡುಗ ಬಹಳ ಮರ್ಯಾದೆಯಿಂದಲೇ ಉತ್ತರ ಕೊಟ್ಟ. “ಮೇಡಂ, ಡಿಸೈನ್ ಫೈಲ್ ನಿಮಗೆ ಶೇರ್ ಮಾಡೋ ಹಾಗಿಲ್ಲ. ನಿಮ್ಮ ಸ್ಕೋಪು ಟ್ರಾನ್ಸ್‌ಲೇಷನ್ ಮಾತ್ರ.”

ಸರಿ, ಊಹೆ ಮಾಡಿ ತುಂಬಿಸಿ ಕಳಿಸಿದೆ.

ಸೈಟ್ ಶುರುವಾದ ದಿನ ಫೋನಿನಲ್ಲಿ ತೆರೆದು ನೋಡಿದೆ. ಕೊನೆಯ ಪುಟದಲ್ಲಿ ಒಂದು ಹಸಿರು ಬಟನ್. ಅದರ ಮೇಲೆ ‘ಸಲಿಸಿ’ ಅಂತ ಇದೆ. ನಾನು ಬರೆದದ್ದು ‘ಸಲ್ಲಿಸಿ’. ಕಣ್ಣು ಹತ್ತಿರ ತಂದು ನೋಡಿದೆ. ಲಕಾರದ ಒತ್ತು ಬಟನ್ನಿನ ಕೆಳ ಅಂಚಿನಲ್ಲಿ ಕತ್ತರಿಸಿ ಹೋಗಿದೆ, ಬರೀ ತಲೆಯ ಒಂದು ಗೆರೆ ಉಳಿದಿದೆ. ಆಮೇಲೆ ಒಂದೊಂದೇ ಕಂಡವು. ‘ಒಪ್ಪಿಗೆ’ ಹೋಗಿ ‘ಒಪಿಗೆ’. ‘ಮೊತ್ತ’ ಹೋಗಿ ‘ಮೊತ’. ‘ರಾಷ್ಟ್ರೀಕೃತ ಬ್ಯಾಂಕ್’ ಅನ್ನುವಲ್ಲಿ ಷಕಾರದ ಕೆಳಗೆ ಎರಡು ಒತ್ತು ಇರಬೇಕು ಅಲ್ವಾ, ಒಂದೂ ಇಲ್ಲ. ಇನ್ನೂ ಒಂದು ಚೋದ್ಯವೆಂದರೆ, ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಊರು ‘ಬಳಾರಿ’ ಆಗಿತ್ತು.

ತಪ್ಪು ಎಲ್ಲಿ ಅಂತ ನನಗೆ ಕೂಡಲೇ ಗೊತ್ತಾಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವಕ್ಕೆ ಮಾತ್ರ ಸಣ್ಣ ಬಾಲ ಕೆಳಗಿಳಿಯುತ್ತದೆ. ನಮ್ಮದು ಹಾಗಲ್ಲ. ಅಕ್ಷರದ ಕೆಳಗೆ ಇನ್ನೊಂದು ಅಕ್ಷರವೇ ಕೂರುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಅಳೆದು ಬಿಗಿಯಾಗಿ ಕೊಟ್ಟು, ಹೊರಗೆ ಬಂದದ್ದನ್ನು ಮುಚ್ಚು ಅಂತ ಕೋಡಿನಲ್ಲಿ ಬರೆದರೆ ಒತ್ತಿನ ಕತೆ ಮುಗಿದ ಹಾಗೆ. ನಾನು ಕನ್ನಡಕ್ಕೆ ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.7 ಪಟ್ಟು ಇಡುತ್ತೇನೆ, ಬಟನ್ನಿಗೆ ಗಟ್ಟಿ ಎತ್ತರ ಕೊಡುವುದೇ ಇಲ್ಲ, ಮೇಲೆ ಕೆಳಗೆ ಜಾಗ ಬಿಟ್ಟು ಅದು ತಾನೇ ಬೆಳೆಯಲಿ ಅಂತ ಬಿಡುತ್ತೇನೆ. ಇದು ಯಾವ ಕೋರ್ಸಿನಿಂದಲೂ ಬಂದದ್ದಲ್ಲ. ಲಗ್ನಪತ್ರಿಕೆಯಲ್ಲಿ ‘ಜ್ಯೇಷ್ಠ ಪುತ್ರ’ದ ಒತ್ತುಗಳು ಕೆಳಗಿನ ಸಾಲಿಗೆ ತಾಗಿ ಬೈಸಿಕೊಂಡು ಬಂದದ್ದು.

ಫೋನ್ ಮಾಡಿದೆ. ಡಿಸೈನರ್ ಹುಡುಗಿ ಹೇಳಿದಳು, ಫಿಗ್ಮಾದಲ್ಲಿ ಎಲ್ಲ ಸರಿ ಇದೆ. ನಿಜ, ಅವಳು ಬರೆದ ಚಿತ್ರದಲ್ಲಿ ಇಂಗ್ಲಿಷ್ ಇತ್ತು. ಡೆವಲಪರ್ ಹೇಳಿದ, ಡಿಸೈನಿನಲ್ಲಿ ಬಟನ್ ಎತ್ತರ 36 ಪಿಕ್ಸೆಲ್ ಅಂತ ಇದೆ, 36 ಕೊಟ್ಟಿದ್ದೇನೆ. ಅದೂ ನಿಜ. ಟೆಸ್ಟಿಂಗ್ ಮಾಡಿದವನಿಗೆ ಕನ್ನಡ ಬರುವುದಿಲ್ಲ. ಬಟನ್ ಒತ್ತಿದರೆ ಮುಂದಿನ ಪುಟ ಬರುತ್ತದೆ, ಆದ್ದರಿಂದ ಪಾಸ್. ಅವನದೂ ತಪ್ಪಲ್ಲ. ಇನ್ನು ಉಳಿದವಳು ನಾನು. ನನ್ನ ಎಕ್ಸೆಲ್ ಶೀಟಿನಲ್ಲಿ ಒತ್ತು ಸರಿಯಾಗಿಯೇ ಇತ್ತು. ಕೆಲಸ ಹಂಚಿದ ಹುಡುಗನನ್ನೂ ಸೇರಿಸಿದರೆ ಐದು ಜನ. ಐವರೂ ತಮ್ಮ ತಮ್ಮ ಕೆಲಸದಲ್ಲಿ ಹುಷಾರಿನವರು. ಆ ಡೆವಲಪರ್ ನನಗಿಂತ ಹತ್ತು ಪಟ್ಟು ಚೆನ್ನಾಗಿ ಕೋಡ್ ಬರೆಯುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒತ್ತು ಮಾತ್ರ ಯಾರ ಮೇಜಿನ ಮೇಲೂ ಇರಲಿಲ್ಲ. ಸರಿಮಾಡಲು ಬೇಕಾದದ್ದು ಎರಡು ಸಾಲು ಕೋಡ್. ಆ ಎರಡು ಸಾಲು ಒಬ್ಬರಿಂದ ಒಬ್ಬರಿಗೆ ಟಿಕೆಟ್ (ದೂರಿನ ಚೀಟಿ) ಆಗಿ ತಿರುಗಿ ಬರುವಷ್ಟರಲ್ಲಿ 11 ದಿನ ಆಯಿತು.

1968ರಲ್ಲಿ ಮೆಲ್ವಿನ್ ಕಾನ್ವೇ ಅನ್ನುವ ಅಮೆರಿಕದ ಕಂಪ್ಯೂಟರ್ ತಜ್ಞರು ಒಂದು ಮಾತು ಬರೆದಿದ್ದರು. ಒಂದು ಸಂಸ್ಥೆಯೊಳಗೆ ಯಾರು ಯಾರ ಹತ್ತಿರ ಮಾತಾಡುತ್ತಾರೋ, ಅವರು ಕಟ್ಟುವ ವ್ಯವಸ್ಥೆಯೂ ಅದೇ ಆಕಾರಕ್ಕೆ ಬರುತ್ತದೆ ಅಂತ ಅದರ ಅರ್ಥ. ಓದಿದಾಗ ಏನೋ ದೊಡ್ಡ ಮಾತು ಅಂದುಕೊಂಡು ಬಿಟ್ಟಿದ್ದೆ. ಆ ಹಸಿರು ಬಟನ್ ನೋಡಿದ ಮೇಲೆ ಅರ್ಥವಾಯಿತು. ಡಿಸೈನರಿಗೂ ನನಗೂ ಮಾತು ಇರಲಿಲ್ಲ. ನಮ್ಮಿಬ್ಬರ ನಡುವಿನ ಆ ಸಂದಿಯಲ್ಲೇ ಒತ್ತು ಬಿದ್ದು ಹೋಗಿತ್ತು.

ಈಗ ನಮ್ಮಪ್ಪನ ವಿಷಯ. ಅವರು ಕೌಲ್ ಬಜಾರಿನಲ್ಲಿ ಟೈಲರ್ ಆಗಿದ್ದವರು. ಅಳತೆ, ಕಟಿಂಗ್, ಹೊಲಿಗೆ ಎಲ್ಲ ತಾವೇ. ಕಾಜ ಮಾತ್ರ ಬೇರೆಯವರಿಗೆ ಕೊಡುತ್ತಿದ್ದರು, ಅದೊಂದಕ್ಕೆ ತಾಳ್ಮೆ ಇಲ್ಲ ಅಂತ. ಊರಿನಲ್ಲಿ ಜೀನ್ಸ್ ಕೆಲಸ ಬೆಳೆದ ಮೇಲೆ ಅಂಗಡಿ ನಡೆಯಲಿಲ್ಲ, ಒಂದು ಯುನಿಟ್‌ಗೆ ಕಟಿಂಗ್ ಮಾಸ್ಟರ್ ಆಗಿ ಹೋದರು. ಜೀನ್ಸ್ ಯುನಿಟ್ ನೋಡದವರಿಗೆ ಹೇಳುತ್ತೇನೆ. ಅಲ್ಲಿ ಪೂರ್ತಿ ಪ್ಯಾಂಟ್ ಹೊಲಿಯುವವರು ಯಾರೂ ಇರುವುದಿಲ್ಲ. ಒಬ್ಬ ಜೇಬು, ಒಬ್ಬ ಜಿಪ್, ಒಬ್ಬ ಸೈಡ್ ಹೊಲಿಗೆ, ಒಬ್ಬ ಸೊಂಟದ ಪಟ್ಟಿ, ಒಬ್ಬ ಲೂಪು. ಜೇಬಿನ ಮೂಲೆಗೆ ಬಾರ್‌ಟ್ಯಾಕ್, ಅಂದರೆ ಗಟ್ಟಿ ಹೊಲಿಗೆ, ಹಾಕುವವನು ಬೆಳಿಗ್ಗೆಯಿಂದ ರಾತ್ರಿ ತನಕ ಅದನ್ನೇ ಹಾಕುತ್ತಾನೆ. ಪೀಸಿಗೆ ಇಷ್ಟು ಅಂತ ಕೂಲಿ. ಜೋತಾಡುವ ದಾರ ಕತ್ತರಿಸಲು ಗಂಟುಗಟ್ಟಲೆ ಪ್ಯಾಂಟು ಹೆಂಗಸರ ಮನೆಗೆ ಹೋಗುತ್ತವೆ. ಆಮೇಲೆ ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್. ಒಬ್ಬರೇ ಇಡೀ ಪ್ಯಾಂಟು ಹೊಲಿದರೆ ಆ ವೇಗ ಎಲ್ಲಿಂದ ಬರಬೇಕು? ಬರುವುದಿಲ್ಲ.

ಅಪ್ಪ ಅಲ್ಲಿ ಕಟಿಂಗ್ ಬಿಟ್ಟು ಬೇರೆ ಏನೂ ಮಾಡುತ್ತಿರಲಿಲ್ಲ. ಆದರೆ ತಯಾರಾದ ಪ್ಯಾಂಟನ್ನು ಕೈಗೆ ತೆಗೆದುಕೊಂಡು ಒಳಗು ಹೊರಗು ಮಾಡುತ್ತಿದ್ದರು. ಕಾಲು ಸ್ವಲ್ಪ ತಿರುಚಿಕೊಂಡಿದ್ದರೆ, ಇದು ಸೈಡ್ ಹೊಲಿಯುವವನ ತಪ್ಪಲ್ಲ, ನಾನೇ ಬಟ್ಟೆಯ ಎಳೆ ತಪ್ಪಿಸಿ ಕತ್ತರಿಸಿದ್ದೇನೆ ಅಂತ ತಾವೇ ಹೇಳುತ್ತಿದ್ದರು. ಮಾಲೀಕರು ಒಂದು ಸಲ ನಮ್ಮ ಮನೆಗೆ ಬಂದಾಗ ಅಮ್ಮನ ಮುಂದೆ ಹೇಳಿದ್ದು ನನಗೆ ನೆನಪಿದೆ. “ಅಕ್ಕಾ, ನಮ್ಮಲ್ಲಿ ಕಟಿಂಗ್ ಮಾಡೋರು ನಾಲ್ಕು ಮಂದಿ ಅದಾರ. ಪ್ಯಾಂಟ್ ನೋಡೋರು ಮಾಸ್ಟರ್ ಒಬ್ರೇ.”

ನಿಮ್ಮ ಬರಹದಲ್ಲಿ ಡಾಕ್ಟರ ಉದಾಹರಣೆ ಇತ್ತು. ಎದೆನೋವು ಬಂದರೆ ಹೃದಯದ ಸ್ಪೆಷಲಿಸ್ಟ್ ಹತ್ತಿರ ಹೋಗುತ್ತೀರೋ, ಎಲ್ಲಕ್ಕೂ ಮಾತ್ರೆ ಕೊಡುವವರ ಹತ್ತಿರವೋ ಅಂತ. ಒಳ್ಳೆಯ ಪ್ರಶ್ನೆ. ಆದರೆ ಆ ಹೃದಯದ ಡಾಕ್ಟರು ನೇರವಾಗಿ ಹೃದಯಕ್ಕೆ ಹೋದವರಲ್ಲವಲ್ಲ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಎಂಬಿಬಿಎಸ್ ಮಾಡಿದ್ದಾರೆ. ಹೆರಿಗೆ ನೋಡಿದ್ದಾರೆ, ಮುರಿದ ಮೂಳೆ ನೋಡಿದ್ದಾರೆ, ಮಕ್ಕಳ ಭೇದಿ ನೋಡಿದ್ದಾರೆ. ಇಡೀ ಮೈ ನೋಡಿ ಆಮೇಲೆ ಹೃದಯಕ್ಕೆ ಬಂದವರು. ನಮ್ಮ ಕೆಲಸದಲ್ಲಿ ಆ ಎಂಬಿಬಿಎಸ್ ಎಲ್ಲಿದೆ? ಮೂರು ತಿಂಗಳ ಕೋರ್ಸು, ಸರ್ಟಿಫಿಕೇಟು, ನೇರವಾಗಿ ಸ್ಪೆಷಲಿಸ್ಟು. ಒಂದು ಸೈಟನ್ನು ಡೊಮೇನ್ ಕೊಳ್ಳುವುದರಿಂದ ಹಿಡಿದು, ಗಿರಾಕಿ ಫೋನ್ ಮಾಡಿ ಬೈಯುವ ತನಕ ಪೂರ್ತಿ ನೋಡಿರುವುದಿಲ್ಲ. ನನ್ನ ತಕರಾರು ಇಷ್ಟೇ.

ಹಾಗಂತ ನನ್ನ ಥರ ಎಲ್ಲದರಲ್ಲೂ ಕೈ ಹಾಕುವವರನ್ನೇ ಹೊಗಳಿಕೊಂಡು ಹೋದರೆ ಅದು ಮೋಸ. ನನ್ನ ಮುಖಕ್ಕೆ ಮಸಿ ಬಳಿದ ಕತೆಯನ್ನೂ ಹೇಳುತ್ತೇನೆ.

ಗಂಗಾವತಿಯ ಒಂದು ರೈಸ್ ಮಿಲ್ಲಿಗೆ ಸೈಟ್ ಮಾಡಿಕೊಟ್ಟಿದ್ದೆ. ವರ್ಡ್‌ಪ್ರೆಸ್ ಅನ್ನುವ ಸಿದ್ಧ ಸಾಫ್ಟ್‌ವೇರ್‌ನಲ್ಲಿ. ಅಕ್ಕಿಯ ಚಿತ್ರಗಳು ಒಂದಾದ ಮೇಲೊಂದು ಸರಿಯಲಿ ಅಂತ ಅದಕ್ಕೊಂದು ಪ್ಲಗಿನ್, ಅಂದರೆ ಬೇರೆಯವರು ಬರೆದ ಕೋಡಿನ ತುಣುಕು, ಹಾಕಿದ್ದೆ. ಹಾಕಿದ್ದು ಮರೆತೂ ಹೋಗಿತ್ತು. ಒಂದು ಬೆಳಿಗ್ಗೆ ಮಾಲೀಕರ ಫೋನು. “ಮೇಡಮ್ಮಾರ, ನಮ್ಮ ಮಿಲ್ಲಿನ ಹೆಸರು ಗೂಗಲ್‌ನ್ಯಾಗ ಹೊಡೆದ್ರ ಚೀನಾದ ಅಕ್ಷರ ಬರಾಕತ್ತಾವ್ರೀ. ನಾವು ಅಕ್ಕಿ ಮಾರೋರು, ಬೂಟು, ಬ್ಯಾಗು ಮಾರೋರಲ್ಲ.” ನೋಡಿದೆ. ಚೀನಾದ್ದಲ್ಲ, ಜಪಾನಿ ಅಕ್ಷರ. ಹುಡುಕಿದರೆ ಮಿಲ್ಲಿನ ಹೆಸರಿನ ಕೆಳಗೆ ಸಾವಿರಾರು ಪುಟ, ಎಲ್ಲ ನಕಲಿ ಬ್ರ್ಯಾಂಡಿನ ಚೀಲ, ಬೂಟು, ಗಡಿಯಾರ. ವಿಚಿತ್ರ ಅಂದರೆ, ನಾನು ಸೈಟ್ ತೆರೆದರೆ ಅಕ್ಕಿಯೇ ಕಾಣುತ್ತದೆ. ಗೂಗಲ್ ಬಂದು ನೋಡಿದರೆ ಮಾತ್ರ ಬೂಟು.

ಮೂರು ರಾತ್ರಿ ಕೂತೆ. ಸಿಕ್ಕ ಫೈಲ್ ಅಳಿಸಿದೆ, ಪಾಸ್‌ವರ್ಡ್ ಬದಲಿಸಿದೆ, ವರ್ಡ್‌ಪ್ರೆಸ್ ಹೊಸದಾಗಿ ಹಾಕಿದೆ. ಬೆಳಗಾದರೆ ಮತ್ತೆ ಬೂಟು. ಮಾಲೀಕರು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. ಬೈಯುತ್ತಿರಲಿಲ್ಲ. “ಏನಾತ್ರೀ?” ಅಂತ ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ನಾಲ್ಕನೆಯ ದಿನ ಮರ್ಯಾದೆ ಬಿಟ್ಟು ಹುಬ್ಬಳ್ಳಿ ಕಡೆಯ ಒಬ್ಬ ಹುಡುಗನಿಗೆ ಫೋನ್ ಮಾಡಿದೆ. ಅವನು ಮಾಡುವುದು ಇದೊಂದೇ ಕೆಲಸ, ಹ್ಯಾಕ್ ಆದ ಸೈಟುಗಳನ್ನು ತೊಳೆಯುವುದು. ಅವನಿಗೆ ಲೋಗೋ ಮಾಡಲು ಬರುವುದಿಲ್ಲ, ಬಣ್ಣ ಹೊಂದಿಸಲು ಬರುವುದಿಲ್ಲ, ಅವನ ಸ್ವಂತ ಸೈಟ್ ನೋಡಿದರೆ ಅಳು ಬರುತ್ತದೆ. ನನ್ನ ಪರದೆಯನ್ನು ಅಲ್ಲಿಂದಲೇ ನೋಡುತ್ತಾ ಕೇಳಿದ. “ಅಕ್ಕಾ, ಸರ್ಚ್ ಕನ್ಸೋಲ್‌ನಲ್ಲಿ ಓನರ್ ಎಷ್ಟು ಜನ ಇದ್ದಾರೆ ನೋಡಿದ್ರಾ?” ನೋಡಿರಲಿಲ್ಲ. ಸೈಟಿನ ಮಾಲೀಕರು ತಮ್ಮ ಸೈಟ್ ಹುಡುಕಾಟದಲ್ಲಿ ಹೇಗಿದೆ ಅಂತ ನೋಡಲು ಗೂಗಲ್‌ನವರು ಕೊಟ್ಟ ಜಾಗ ಅದು. ತೆರೆದರೆ ಇಬ್ಬರು ಇದ್ದರು. ಒಬ್ಬಳು ನಾನು, ಇನ್ನೊಬ್ಬ ಯಾರೋ ಕಳ್ಳ. ಮಿಲ್ಲಿಗೆ ತಾನೂ ಮಾಲೀಕ ಅಂತ ಗೂಗಲ್‌ನಲ್ಲಿ ಹೆಸರು ಬರೆಸಿಕೊಂಡು ಕೂತಿದ್ದ. “ನೀವು ಮೂರು ದಿನ ಕಸ ಗುಡಿಸಿದ್ದೀರಿ. ಬೀಗದ ಕೈ ಅವನ ಹತ್ತಿರ ಹಾಗೇ ಇದೆ,” ಅಂದ. ಫೋಟೋ ಇಡುವ ಫೋಲ್ಡರಿನಲ್ಲಿ ಫೋಟೋ ಅಲ್ಲದ ಒಂದು ಫೈಲ್ ತೋರಿಸಿದ. ನಾನು ಹಾಕಿ ಮರೆತ ಆ ಪ್ಲಗಿನ್, ಅದೇ ಬಾಗಿಲು. ವರ್ಷಗಟ್ಟಲೆ ಅಪ್‌ಡೇಟ್ ಮಾಡಿರಲಿಲ್ಲ. ಐವತ್ತು ನಿಮಿಷದಲ್ಲಿ ಎಲ್ಲ ಮುಗಿಸಿದ, 6,000 ರೂಪಾಯಿ ತೆಗೆದುಕೊಂಡ. ನಾನು ಇಡೀ ಸೈಟಿಗೆ ತೆಗೆದುಕೊಂಡದ್ದು 12,000. ಒಂದು ಪೈಸೆ ಚೌಕಾಸಿ ಮಾಡಲಿಲ್ಲ ನಾನು. ಗೂಗಲ್‌ನಿಂದ ಬೂಟುಗಳು ಪೂರ್ತಿ ಹೋಗಲು ಮಾತ್ರ ಇನ್ನೂ ಕೆಲವು ವಾರ ಹಿಡಿಯಿತು.

ಆವತ್ತಿನಿಂದ ನನ್ನದೊಂದು ನಿಯಮ. ದುಡ್ಡು ಕಟ್ಟಿಸಿಕೊಳ್ಳುವ ಪುಟ, ಸೆಕ್ಯುರಿಟಿ, ಸರ್ವರ್ ಇವು ಮೂರಕ್ಕೆ ನಾನು ಕೈ ಹಾಕುವುದಿಲ್ಲ. ಗಿರಾಕಿಗೆ ಮೊದಲೇ ಹೇಳುತ್ತೇನೆ, ಇದಕ್ಕೆ ಬೇರೆಯವರು ಬರುತ್ತಾರೆ, ಬೇರೆ ದುಡ್ಡು ಆಗುತ್ತದೆ ಅಂತ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ಇನ್ನು ಈ ಪತ್ರ ಬರೆಯಲು ನಿಜವಾದ ಕಾರಣ. ಸಿರುಗುಪ್ಪ ಕಡೆಯ ಒಬ್ಬ ಹುಡುಗಿ ಮೂರು ವರ್ಷ ನನ್ನ ಹತ್ತಿರ ಕೆಲಸ ಮಾಡಿದಳು. ಬಿಸಿಎ ಓದಿದವಳು. ಬಂದಾಗ ಫೋಟೋಶಾಪ್ ಅಷ್ಟೇ ಬರುತ್ತಿತ್ತು. ಮೂರು ವರ್ಷದಲ್ಲಿ 22 ಸೈಟ್ ಮಾಡಿದ್ದಾಳೆ, ಗಿರಾಕಿಯ ಮಾತು ಕೇಳುವುದರಿಂದ ಹಿಡಿದು ಬಿಲ್ ಕೊಡುವ ತನಕ. ಈ ವರ್ಷ ಬೆಂಗಳೂರಿಗೆ ಹೋಗುತ್ತೇನೆ ಅಕ್ಕಾ ಅಂದಳು. ಹೋಗು ಅಂದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ಬೆಳಿಗ್ಗೆ ಸ್ಟೇಷನ್ನಿನಲ್ಲೇ ಮುಖ ತೊಳೆದುಕೊಂಡು ಇಂಟರ್‌ವ್ಯೂಗೆ ಹೋದಳು.

ಮೊದಲನೆಯ ಕಡೆ ಕೇಳಿದ್ದು ಒಂದೇ ಪ್ರಶ್ನೆ. “ನೀವು ಯುಐನಾ, ಯುಎಕ್ಸಾ, ಫ್ರಂಟೆಂಡಾ?” ಇವಳು ಮೂರೂ ಮಾಡಿದ್ದೇನೆ ಸಾರ್ ಅಂದಳು. ಅವರು ಏನೋ ಬರೆದುಕೊಂಡರು, ಇವಳ ಲ್ಯಾಪ್‌ಟಾಪಿನಲ್ಲಿದ್ದ 22 ಸೈಟುಗಳಲ್ಲಿ ಒಂದನ್ನೂ ತೆರೆದು ನೋಡಲಿಲ್ಲ, ತಿಳಿಸುತ್ತೇವೆ ಅಂದರು. ಎರಡನೆಯದು ತದ್ವಿರುದ್ಧ. ಅವರಿಗೆ ಎಲ್ಲ ಬೇಕು. ಫಿಗ್ಮಾ ಬೇಕು, ರಿಯಾಕ್ಟ್ ಬೇಕು, ಎಸ್‌ಇಒ ಬೇಕು, ವಿಡಿಯೋ ಎಡಿಟಿಂಗ್ ಬೇಕು, ಇನ್‌ಸ್ಟಾಗ್ರಾಮಿಗೆ ದಿನಾ ಪೋಸ್ಟ್ ಬೇಕು, ಆಗಾಗ ಕನ್ನಡ ಇಂಗ್ಲಿಷ್ ಅನುವಾದವೂ ಬೇಕು. ಸಂಬಳ ತಿಂಗಳಿಗೆ 18,000. ರೂಮು ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ಅವಳು ಊಟ ಮಾಡಬೇಕೋ, ಬಸ್ ಹತ್ತಬೇಕೋ?

ಒಂದು ಕಡೆ ‘ಎಲ್ಲ ಬರುತ್ತದೆ’ ಅಂದರೆ ಏನೂ ಬರುವುದಿಲ್ಲ ಅಂತ ಅರ್ಥ. ಇನ್ನೊಂದು ಕಡೆ ‘ಎಲ್ಲ ಬರುತ್ತದೆ’ ಅಂದರೆ ಆರು ಜನರ ಕೆಲಸ ಒಬ್ಬರ ಸಂಬಳಕ್ಕೆ ಅಂತ ಅರ್ಥ. ದೊಡ್ಡ ಕಂಪನಿಗಳ ಮಂದಿ ‘ಟಿ ಆಕಾರದವರು ಬೇಕು’ ಅಂತ ಭಾಷಣ ಮಾಡುತ್ತಾರೆ. ಮೇಲೆ ಅಗಲ, ಕೆಳಗೆ ಒಂದು ಕಡೆ ಆಳ. ಕೇಳಲು ಚಂದ. ಆದರೆ ಸಂಬಳದ ಚೀಟಿಯಲ್ಲಿ ಕೆಳಗಿನ ಗೆರೆಗೆ ಮಾತ್ರ ಕಾಸು, ಮೇಲಿನ ಗೆರೆಗೆ ಬರೀ ಮೆಚ್ಚುಗೆ.

ಮೂರನೆಯ ಕಡೆ ಅವಳಿಗೆ ಕೆಲಸ ಸಿಕ್ಕಿತು, ಸಂಬಳವೂ ಮರ್ಯಾದೆಯದು. ಈಗ ಅವಳು ಮಾಡುವುದು ಒಂದೇ: ಆ ಕಂಪನಿಯ ಎಲ್ಲ ಆ್ಯಪುಗಳಿಗೂ ಒಂದೇ ಥರದ ಬಟನ್, ಫಾರಂ, ಅಕ್ಷರದ ಅಳತೆ ಮಾಡಿಡುವುದು. ಡಿಸೈನ್ ಸಿಸ್ಟಂ ಅನ್ನುತ್ತಾರೆ. ಅಪ್ಪನ ಯುನಿಟ್ಟಿನ ಲೆಕ್ಕದಲ್ಲಿ ಹೇಳುವುದಾದರೆ ಬರೀ ಲೂಪು ಹೊಲಿಯುವ ಕೆಲಸ. ಬೇಜಾರಾಗುತ್ತದಾ ಅಂತ ಕೇಳಿದೆ. “ಇಲ್ಲಕ್ಕಾ, ಒಂದು ಬಟನ್ ಮೇಲೆ ಎರಡು ವಾರ ಕೂರಬಹುದು ಅಂತ ನಂಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಎರಡು ವಾರಕ್ಕೆ ಇಡೀ ಸೈಟೇ ಮುಗೀತಿತ್ತು,” ಅಂದಳು. ಅದರಲ್ಲಿ ಖುಷಿ ಇತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಒಂದೇ ಕೆಲಸವನ್ನು ಮನಸ್ಸಿಗೆ ಸಮಾಧಾನ ಆಗುವ ತನಕ ಮಾಡುವ ಭಾಗ್ಯ ಈ ಇಪ್ಪತ್ತು ವರ್ಷದಲ್ಲಿ ನನಗೆ ಸಿಗಲಿಲ್ಲ.

ಆದ್ದರಿಂದ ನಿಮ್ಮ ಪುಟ ಓದುವ ಬಳ್ಳಾರಿ, ಕೊಪ್ಪಳ, ರಾಯಚೂರಿನ ಹುಡುಗರಿಗೆ ‘ಒಂದನ್ನೇ ಹಿಡಿ’ ಅಂತ ಹೇಳುವ ಮೊದಲು ಇನ್ನೊಂದು ಮಾತು ಸೇರಿಸಿ. ಒಂದನ್ನು ಹಿಡಿಯುವ ಮುಂಚೆ, ನಿಮ್ಮ ಬೀದಿಯ ಒಂದು ನಿಜವಾದ ಅಂಗಡಿಗೆ ಒಂದು ಪೂರ್ತಿ ಸೈಟ್ ಮಾಡಿ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವ ಬದಲು ಇದನ್ನು ಮಾಡಬಹುದು ಅಲ್ವಾ? ಗೊಬ್ಬರದ ಅಂಗಡಿಯಾದರೂ ಆಗಲಿ, ಬಳೆ ಅಂಗಡಿಯಾದರೂ ಆಗಲಿ. ಅಂಗಡಿಯವರ ಹಳೆ ಫೋನಿನಲ್ಲಿ, ಅವರ ಗಾಜು ಒಡೆದ ಪರದೆಯ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ಅದು ಕಾಣುತ್ತದೋ ಇಲ್ಲವೋ ನೋಡಿ. ನಮ್ಮ ಬಿಸಿಲಿನಲ್ಲಿ ತೆಳು ಬೂದು ಬಣ್ಣದ ಅಕ್ಷರ ಕಾಣುವುದೇ ಇಲ್ಲ. ಬೆಂಗಳೂರಿನ ಏಸಿ ರೂಮಿನಲ್ಲಿ ಕೂತು ಆರಿಸಿದವರಿಗೆ ಅದು ಗೊತ್ತಾಗುವುದಾದರೂ ಹೇಗೆ? ಆರು ತಿಂಗಳು ಆ ಸೈಟನ್ನು ನೋಡಿಕೊಳ್ಳಿ. ಯಾವ ಭಾಗ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲವೋ ಅದನ್ನು ಆಮೇಲೆ ಹಿಡಿಯಿರಿ.

ಕೆಲಸ ಕೊಡುವವರಿಗೂ ಒಂದು ಮಾತು. ನಮ್ಮ ಊರುಗಳಿಂದ ಬರುವ ಮಕ್ಕಳ ಬಯೋಡಾಟಾದಲ್ಲಿ ಹತ್ತು ಥರದ ಕೆಲಸ ಇರುತ್ತದೆ. ಅದು ಗೊಂದಲ ಅಲ್ಲ, ಇಲ್ಲಿ ಮಾರ್ಕೆಟ್ಟೇ ಹಾಗಿದೆ. ಮಾಡಿದ್ದರಲ್ಲಿ ಒಂದನ್ನು ತೆರೆದು ನೋಡಿ, ಇದು ಯಾಕೆ ಹೀಗಿದೆ ಅಂತ ಕೇಳಿ.

ಈಗ ಎಐ ಬಂದಿದೆ, ಚಿತ್ರವನ್ನೂ ಕೋಡನ್ನೂ ಅದೇ ಬರೆಯುತ್ತದೆ, ಇನ್ನು ಈ ಚರ್ಚೆ ಯಾಕೆ ಅನ್ನುವವರಿದ್ದಾರೆ. ನಾನೂ ದಿನಾ ಬಳಸುತ್ತೇನೆ. ಹೋದ ತಿಂಗಳು ಅದಕ್ಕೆ ಕನ್ನಡದ ಒಂದು ಬಟನ್ ಮಾಡಲು ಹೇಳಿದೆ. ಚಕ್ಕನೆ ಮಾಡಿಕೊಟ್ಟಿತು, ಎತ್ತರ 36 ಪಿಕ್ಸೆಲ್.

ಕೊನೆಗೆ ಒಂದು ಸಣ್ಣ ವಿಷಯ. ಇದನ್ನು ಬರೆಯುವ ಮೊದಲು ಆ ಬರಹವನ್ನು ಇನ್ನೊಮ್ಮೆ ಓದೋಣ ಅಂತ ನಿಮ್ಮ ಪತ್ರಿಕೆಯ ಸೈಟನ್ನು ಫೋನಿನಲ್ಲಿ ತೆರೆದೆ. ಮೇಲೆ ಜಿಲ್ಲೆಗಳ ಪಟ್ಟಿ ಇದೆ. 2014ರ ನವೆಂಬರ್ 1ರಂದು ನಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಹಾಗೇ ಬರೆಯುವಂತೆ ಸರ್ಕಾರ ಬದಲಿಸಿತು, ಅದನ್ನು ನೀವು ಇಂಗ್ಲಿಷಿನಲ್ಲಿ ಸರಿಯಾಗಿಯೇ ಹಾಕಿದ್ದೀರಿ. ಕನ್ನಡದಲ್ಲಿ ಮಾತ್ರ ಳಕಾರದ ಒತ್ತು ಅರ್ಧ ಕಾಣುತ್ತಿದೆ. ಪಕ್ಕದ ‘ಕೊಪ್ಪಳ’ದ್ದೂ ಅಷ್ಟೇ. ರಾಯಚೂರಿಗೆ ಒತ್ತು ಇಲ್ಲ, ಬಚಾವಾಗಿದೆ. ಸ್ಕ್ರೀನ್‌ಶಾಟ್ ಈ ಪತ್ರದ ಜೊತೆ ಇಟ್ಟಿದ್ದೇನೆ. ನಿಮ್ಮಲ್ಲಿ ಇದು ಯಾರ ಕೆಲಸವೋ ಅವರಿಗೆ ತಲುಪಿಸಿ. ಯಾರ ಕೆಲಸ ಅಂತ ಗೊತ್ತಾಗದಿದ್ದರೆ ನನಗೆ ಫೋನ್ ಮಾಡಿ, ಎರಡು ಸಾಲು, ನಾನೇ ಹೇಳುತ್ತೇನೆ.

ಪತ್ರ ಪ್ರಕಟಿಸುವುದಾದರೆ ಹೆಸರು ಹಾಕಬೇಡಿ. ಗಂಗಾವತಿಯ ಸಾಹುಕಾರರು ನಿಮ್ಮ ಪತ್ರಿಕೆಯನ್ನೇ ತರಿಸುವುದು.

— ಒಬ್ಬ ವೆಬ್‌ಸೈಟ್ ಕೆಲಸಗಾರ್ತಿ, ಬಳ್ಳಾರಿ